ನೂರಕ್ಕೆ ಇಪ್ಪತ್ತೊಂದು

ಜನವರಿ ೧೦

ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಗಂಡ ನಿನ್ನೆ ಫೋನಿನಲ್ಲಿ ಗಂಟಲು ಹರಿಯುವಂತೆ ಕೂಗಿದ್ದರಲ್ಲಿ ನನಗೆ ಕೇಳಿಸಿದ್ದು ಮೂರೇ ಮಾತು: ಹೆಣ್ಣು, ಬೇಗ, ಉಸಿರಾಡ್ತಿದೆ. ಮೂರನೆಯದನ್ನು ಮತ್ತೆ ಮತ್ತೆ ಹೇಳಿಸಿಕೊಂಡೆ. ಕೊನೆಗೆ ಪಕ್ಕದ ಮನೆಯಾಕೆ ಫೋನು ಕಸಿದುಕೊಂಡು ಉಳಿದದ್ದನ್ನು ಕೇಳಿ ತಿಳಿಸಿದಳು. "ಮೆಸೇಜ್ ಹಾಕೋಕೆ ಹೇಳಿ ಟೀಚರ್, ನಾನೇ ಓದಿ ಹೇಳ್ತೀನಿ" ಎಂದೂ ಸೇರಿಸಿದಳು. ಪೂರ್ಣವಿರಾಮವಿಲ್ಲದ ಬರವಣಿಗೆಯಲ್ಲಿ ನನ್ನ ಮೊಮ್ಮಗಳ ಸಮಾಚಾರ ಬರುವುದು ನನಗೆ ಒಪ್ಪಿಗೆಯಿಲ್ಲ. ಕಾಗದ ಬರೆ. ಕಿವಿ ಕೈಕೊಟ್ಟಿದೆ; ಕಣ್ಣು ಇನ್ನೂ ನನ್ನ ಮಾತು ಕೇಳುತ್ತದೆ.

ಎರಡೂವರೆ ತಿಂಗಳು ಮೊದಲೇ ಹೊರಟು ಬಂದಳೆಂದರೆ ಸಮಯಪಾಲನೆಯಲ್ಲಿ ತಂದೆಯನ್ನು ಹೋಲುವುದಿಲ್ಲವೆಂಬುದು ಖಚಿತ. ಅವರು ನನ್ನ ಎಂಟನೆಯ ತರಗತಿಗೆ ಹಾಜರಿ ಕೂಗಿ ಮುಗಿದ ಮೇಲೆಯೇ ಬರುತ್ತಿದ್ದರು.

ಶ್ವಾಸಕೋಶ ಎಳೆಯದಾದ್ದರಿಂದ ಆಮ್ಲಜನಕ ಕೊಡುತ್ತಿದ್ದಾರಂತೆ. ಧಾರಾಳವಾಗಿ ಕೊಡಲಿ. ಅದನ್ನು ಪ್ರಾಣವಾಯು ಎಂದು ಕರೆದವರು ಸುಮ್ಮನೆ ಕರೆದಿಲ್ಲ. ಅಲ್ಲಿ ಅಂಕಿ ತೋರಿಸುವ ಯಂತ್ರವಿರುತ್ತದಂತೆ. ಆ ಅಂಕಿಯನ್ನು ತಪ್ಪದೆ ತಿಳಿಸು. ಮುಂದಿನ ವಾರ ನಾನೇ ಬರುತ್ತೇನೆ. ಅಟ್ಟದ ಮೇಲಿನ ಉಣ್ಣೆಯ ಚೀಲ ಇಳಿಸಿ ಟೋಪಿಯೊಂದನ್ನು ಹೆಣೆದು ತರುತ್ತೇನೆ. ತಲೆಯ ಅಳತೆ ಕಳಿಸು.

ಅಮ್ಮ


ಜನವರಿ ೧೬

ಅಮ್ಮ,

ನೀನು ಕೆಂಪು ಪೆನ್ನು ಪಕ್ಕದಲ್ಲಿಟ್ಟುಕೊಂಡೇ ಓದುತ್ತೀಯೆಂದು ಗೊತ್ತು, ಎಚ್ಚರದಿಂದ ಬರೆಯುತ್ತಿದ್ದೇನೆ. ವಾರ್ಡಿನೊಳಗೆ ಫೋನು ಬಿಡುವುದಿಲ್ಲ, ಹಾಗಾಗಿ ಹೊರಗಿನ ಬೆಂಚಿನ ಮೇಲೆ ಕಾಗದ ಬರೆಯುವವಳು ನಾನೊಬ್ಬಳೇ. ನೋಡಿದವರು ದೂರು ಬರೆಯುತ್ತಿದ್ದಾಳೆಂದು ತಿಳಿದು ಬಹಳ ಮರ್ಯಾದೆ ಕೊಡುತ್ತಾರೆ.

ತಲೆಯ ಅಳತೆ: ಒಂದು ಕಿತ್ತಳೆ ಹಣ್ಣು. ದೊಡ್ಡದಲ್ಲ, ಸಾಧಾರಣ ಗಾತ್ರದ್ದು. ಪೂರ್ತಿ ಮೈ ಇವರ ಅಂಗೈಯಿಂದ ಮೊಣಕೈವರೆಗೆ ಬರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ಎರಡು ಸಣ್ಣ ಕೊಳವೆ ಸಿಕ್ಕಿಸಿಕೊಂಡು, ಯಾರೋ ಸುಮ್ಮನೆ ಎಬ್ಬಿಸಿದರೆಂಬಂತೆ ಹುಬ್ಬು ಗಂಟಿಕ್ಕಿ ಮಲಗಿದ್ದಾಳೆ. ಆ ಹುಬ್ಬು ನಿನ್ನದು.

ಇಲ್ಲಿನ ಯಜಮಾನಿಕೆ ಒಬ್ಬ ಹಿರಿಯ ನರ್ಸಿನದು. ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಾರೆ. ಮೊದಲ ದಿನವೇ ನನಗೆ ಹೇಳಿದರು, "ಮೊಣಕೈವರೆಗೆ ತೊಳೀರಿ. ಉಂಗುರ ತೆಗೀರಿ. ಅಳೋದಾದ್ರೆ ಹೊರಗೆ ಅತ್ತು ಬನ್ನಿ." ಮಗುವಿಗೆ ಸಾಸಿವೆ ಎಂದು ಹೆಸರಿಟ್ಟವರೂ ಅವರೇ. "ನೋಡೋಕೆ ಇಷ್ಟೇ. ಸೂಜಿ ಹಿಡ್ಕೊಂಡು ಹತ್ತಿರ ಹೋಗಿ, ಹೇಗೆ ಸಿಡೀತಾಳೆ ಗೊತ್ತಾಗುತ್ತೆ."

ಅಂಕಿ ಕೇಳಿದ್ದೆಯಲ್ಲ. ಅವಳ ರಕ್ತದಲ್ಲಿ ಎಷ್ಟು ಆಮ್ಲಜನಕ ಸೇರಿದೆಯೆಂದು ಪರದೆಯ ಮೇಲೆ ನೂರಕ್ಕೆ ಇಷ್ಟು ಎಂದು ಕಾಣುತ್ತದೆ. ಇಂದು ತೊಂಬತ್ತೊಂದು. ಪಕ್ಕದಲ್ಲೊಂದು ತಿರುಗಿಸುವ ಗುಂಡಿಯಿದೆ. ಅವಳಿಗೆ ಕೊಡುವ ಗಾಳಿಯಲ್ಲಿ ಎಷ್ಟು ಆಮ್ಲಜನಕ ಬೆರೆಸಬೇಕೆಂದು ಅದರಲ್ಲಿ ಹೊಂದಿಸುತ್ತಾರೆ. ಒಂದು ವಿಚಿತ್ರ ನೋಡು. ಪರದೆಯ ಅಂಕಿ ತೊಂಬತ್ತಾರಕ್ಕೆ ಏರಿದರೆ ಸಿಸ್ಟರ್ ಬಂದು ಗುಂಡಿಯನ್ನು ಕೆಳಗಿಳಿಸುತ್ತಾರೆ. ಯಾಕೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಹಾಲು ಎಷ್ಟು ಹಿಂಡಿದರೂ ಸಿರಿಂಜಿನ ತಳ ಒದ್ದೆಯಾಗುವಷ್ಟೇ. ಬೇಗ ಬಾ.

ನಿನ್ನ ಮಗಳು


ಜನವರಿ ೨೨

ಮಗಳಿಗೆ ಆಶೀರ್ವಾದಗಳು.

ಪೆನ್ಸಿಲಿನಲ್ಲಿ ಬರೆಯುತ್ತಿರುವುದಕ್ಕೆ ಮನ್ನಿಸು. ಮಸಿ ಮುಗಿದಿದೆ, ಅಂಗಡಿಗೆ ಹೋಗುವಷ್ಟು ಪುರುಸೊತ್ತಿಲ್ಲ. ನಮ್ಮ ಶಾಲೆಯ ವಾಚನಾಲಯಕ್ಕೆ ಹೊಸ ಸಮಿತಿಯಾಗಿದೆ, ನನ್ನನ್ನೇ ಅಧ್ಯಕ್ಷೆಯನ್ನಾಗಿ ಮಾಡಿದ್ದಾರೆ. ಸಭೆಯ ಮೇಲೆ ಸಭೆ. ಸದ್ಯಕ್ಕೆ ಹೊರಡಲು ಆಗದು.

ಟೋಪಿಯನ್ನು ಬೇರೆಯಾಗಿ ಕಳಿಸಿದ್ದೇನೆ. ಕಿತ್ತಳೆ ಹಣ್ಣಿಗೆ ತೊಡಿಸಿ ನೋಡಿಯೇ ಕಳಿಸಿದ್ದು. ಪಕ್ಕದ ಮನೆಯಾಕೆ ಆ ಹಣ್ಣನ್ನು ಸುಲಿಯಲು ಮನಸ್ಸಾಗದೆ ಹಾಗೆಯೇ ಇಟ್ಟುಹೋಗಿದ್ದಾಳೆ.

ಇನ್ನು ಮುಖ್ಯ ವಿಷಯ. ನೂರಕ್ಕೆ ತೊಂಬತ್ತೊಂದು ಎಂದು ನೀನು ಸಮಾಧಾನದಿಂದ ಬರೆದಿದ್ದೀಯೆ. ಉಳಿದ ಒಂಬತ್ತು ಎಲ್ಲಿ ಹೋಯಿತು? ಮಗು ತೊಂಬತ್ತಾರು ತೆಗೆದೊಡನೆ ಬೆನ್ನು ತಟ್ಟುವ ಬದಲು ಗುಂಡಿ ಇಳಿಸುತ್ತಾರೆಂದರೆ ಅದು ಎಂತಹ ಪಾಠಕ್ರಮ? ಗಾಳಿಯಲ್ಲಿ ಜಿಪುಣತನ ಮಾಡುವವರನ್ನು ನಾನು ಇದೇ ಮೊದಲು ಕಾಣುತ್ತಿದ್ದೇನೆ. ನಿನಗೆ ಕೇಳಲು ಸಂಕೋಚವಾದರೆ ಅಳಿಯಂದಿರು ಕೇಳಲಿ. ತಂದೆಯಾದವರು ಮೂಲೆಯಲ್ಲಿ ಕೈಕಟ್ಟಿ ನಿಲ್ಲಬಾರದು. ನೂರು ಬರುವವರೆಗೆ ಬಿಡಬಾರದೆಂದು ನಾನು ಹೇಳಿದೆನೆಂದು ತಿಳಿಸು.

ಅಮ್ಮ


ಫೆಬ್ರವರಿ ೧

ಅಮ್ಮ,

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದ್ದೇ ತಪ್ಪಾಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಇವರ ಬಾಯಲ್ಲಿ ನಿನ್ನನ್ನು ಅತ್ತೆ ಎನ್ನಲು ಬಂದಿಲ್ಲ. ಗಣಿತದಲ್ಲಿ ಮೂವತ್ತನಾಲ್ಕು ಕೊಟ್ಟು ಫೇಲು ಮಾಡಿದವರನ್ನು ಯಾರು ತಾನೇ ಅತ್ತೆ ಎಂದಾರು? "ಟೀಚರ್ ಹೇಳಿದ್ದಾರೆ" ಎಂದು ಎದ್ದು ನಿಂತರು.

ಲಿಫ್ಟ್ ರಿಪೇರಿ ಮಾಡುವವರ ಕೈ ಗುಂಡಿ ಕಂಡರೆ ಸುಮ್ಮನಿರುತ್ತದೆಯೇ? ದೊಡ್ಡ ಸಿಸ್ಟರ್ ಪಕ್ಕದ ಪೆಟ್ಟಿಗೆಯ ಮಗುವನ್ನು ನೋಡುತ್ತಿದ್ದಾಗ ಇವರು ಮೆಲ್ಲನೆ ನಮ್ಮ ಗುಂಡಿಯನ್ನು ತಿರುಗಿಸಿಬಿಟ್ಟರು. ನಾನು ನೋಡುತ್ತಿದ್ದೆ, ತಡೆಯಲಿಲ್ಲ. ಅಂಕಿ ತೊಂಬತ್ತನಾಲ್ಕಾಯಿತು, ತೊಂಬತ್ತೇಳಾಯಿತು. "ಬಂತು ನೋಡು, ನೂರು" ಎಂದು ನನ್ನ ಕೈ ಅದುಮಿದರು. ಅಷ್ಟರಲ್ಲಿ ಯಂತ್ರ ಕಿರುಚಿಕೊಂಡಿತು. ಸಿಸ್ಟರ್ ಬಂದು ಮೊದಲು ಗುಂಡಿ ಇಳಿಸಿದರು, ಆಮೇಲೆ ನಮ್ಮತ್ತ ತಿರುಗಿದರು.

"ಯಾರು ಮುಟ್ಟಿದ್ದು ಇದನ್ನ?"

"ನೂರು ಬಂದಿತ್ತು ಸಿಸ್ಟರ್..."

"ಈ ವಾರ್ಡಲ್ಲಿ ನೂರು ತೆಗೆದವರು ಫೇಲು. ಅದು ಅವಳು ಬರೆದ ನೂರಲ್ಲ, ನೀವು ಕಾಪಿ ಮಾಡಿಸಿದ್ದು. ಕೊಳವೆ ಇರೋವರೆಗೆ ತೊಂಬತ್ತರಿಂದ ತೊಂಬತ್ತೈದರೊಳಗೆ ಇದ್ರೆ ಪಾಸು. ನೂರು ಬೇಕು ಅಂತ ನಿಮಗೆ ಹೇಳಿಕೊಟ್ಟಿದ್ದು ಯಾರು?"

"ನಮ್ಮ ಟೀಚರು."

"ಅವರನ್ನೂ ಕರ್ಕೊಂಡು ಬನ್ನಿ. ಮೂರೂ ಜನಕ್ಕೆ ಸೇರಿಸಿ ಪಾಠ ಮಾಡ್ತೀನಿ."

ಸಂಜೆ ಮಕ್ಕಳ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಆಮ್ಲಜನಕ ಮೈಯೊಳಗೆ ಕೆಲಸ ಮಾಡುವಾಗ ಕಿಡಿಗಳಂಥವು ಹಾರುತ್ತವಂತೆ. ನಮ್ಮ ನಿಮ್ಮ ಮೈಯಲ್ಲಿ ಅವನ್ನು ಆರಿಸುವ ಆಂಟಿಆಕ್ಸಿಡೆಂಟುಗಳು ಸಾಕಷ್ಟಿವೆ. ಮಗುವಿಗೆ ಅವು ಕೂಡಿಬರುವುದು ಹೊಟ್ಟೆಯೊಳಗಿನ ಕೊನೆಯ ತಿಂಗಳುಗಳಲ್ಲಿ. "ದಾರಿಗೆ ಬುತ್ತಿ ಕಟ್ಟಿದ ಹಾಗೆ. ನಿಮ್ಮ ಮಗಳು ಬುತ್ತಿ ಕಟ್ಟೋ ಮೊದಲೇ ಮನೆ ಬಿಟ್ಟಿದ್ದಾಳೆ." ಆಮ್ಲಜನಕ ಕಡಿಮೆಯಾದರೆ ಜೀವಕ್ಕೆ ಕಷ್ಟ. ಹೆಚ್ಚಾದರೆ ಕಿಡಿ ಹೆಚ್ಚು. ಶ್ವಾಸಕೋಶ ಸುಡುತ್ತದೆ, ಕಣ್ಣಿನೊಳಗೆ ಇನ್ನೂ ಬೆಳೆಯುತ್ತಿರುವ ರಕ್ತನಾಳಗಳು ದಾರಿ ತಪ್ಪುತ್ತವೆ. ಬಹಳ ತಪ್ಪಿದರೆ ದೃಷ್ಟಿಗೇ ಅಪಾಯ. ಬರುವ ಶನಿವಾರ ಅವಳ ಕಣ್ಣಿನ ಪರೀಕ್ಷೆಯಿದೆ.

ಒಂದು ಸಂತೋಷದ ಮಾತನ್ನೂ ಹೇಳಿದರು. ಆ ಬುತ್ತಿಯ ಒಂದು ಪಾಲು ನನ್ನ ಹಾಲಿನಲ್ಲಿದೆಯಂತೆ. ಹನಿಯಾದರೂ ಸರಿ, ಆಗತಾನೇ ಹಿಂಡಿದ್ದು ಬೇಕಂತೆ. ಆ ಸಿರಿಂಜನ್ನು ಈಗ ಕಿರೀಟದಂತೆ ಹಿಡಿದುಕೊಂಡು ಓಡಾಡುತ್ತಿದ್ದೇನೆ.

ಸಭೆಗಳು ಯಾವಾಗ ಮುಗಿಯುತ್ತವೆ?

ನಿನ್ನ ಮಗಳು


ಫೆಬ್ರವರಿ ೭

ಮಗಳಿಗೆ ಆಶೀರ್ವಾದಗಳು.

ದೊಡ್ಡ ಸಿಸ್ಟರ್ ಅವರಿಗೆ ನನ್ನ ನಮಸ್ಕಾರ ತಿಳಿಸು. ನಿವೃತ್ತಳಾದ ಮೇಲೆ ನನ್ನನ್ನು ಪಾಠಕ್ಕೆ ಕರೆದವರು ಅವರೊಬ್ಬರೇ.

ನಿನ್ನ ಕಾಗದ ಓದಿ ಎರಡು ದಿನ ಕೋಪದಲ್ಲಿದ್ದೆ. ಕೋಪ ಯಾರ ಮೇಲೆಂದು ತೀರ್ಮಾನಿಸಲು ಮೂರನೆಯ ದಿನ ಹಿಡಿಯಿತು. ಪ್ರತಿವರ್ಷ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದ ಪ್ರಯೋಗವೊಂದು ನೆನಪಾಯಿತು. ತುದಿಯಲ್ಲಿ ಕೆಂಡವಿರುವ ಕಡ್ಡಿಯನ್ನು ಆಮ್ಲಜನಕ ತುಂಬಿದ ಜಾಡಿಯೊಳಗೆ ಇಳಿಸಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಎಲ್ಲರೂ ನೋಡುವುದು ಜ್ವಾಲೆಯನ್ನೇ, ಕಡ್ಡಿಯನ್ನು ಯಾರೂ ನೋಡುವುದಿಲ್ಲ. ಸಾಸಿವೆ ಆ ಕಡ್ಡಿಯೆಂದು ನನಗೆ ಹೊಳೆಯದೆ ಹೋಯಿತು. ಆಮ್ಲಜನಕದ ಈ ಕೆಲಸಕ್ಕಿರುವ ಉತ್ಕರ್ಷಣ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ತಪ್ಪಿಲ್ಲದೆ ಬರೆದವಳು ನಾನು. ಅದರ ಅರ್ಥವನ್ನು ಬಿಡಿಸಿ ಹೇಳಿದವರು ನಿಮ್ಮ ಡಾಕ್ಟರು.

ತೊಂಬತ್ತೊಂದಕ್ಕೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ನೀನು ಹನಿಯೆಂದು ಮುಖ ಸಣ್ಣದು ಮಾಡಿಕೊಳ್ಳಬೇಡ. ಹೊಟ್ಟೆತುಂಬ ಉಂಡು ನೀರು ಕುಡಿ. ಬುತ್ತಿ ಕಟ್ಟುವವಳು ಹಸಿದಿರಬಾರದು.

ಸಭೆಗಳು ಇನ್ನೂ ನಡೆಯುತ್ತಿವೆ. ಶನಿವಾರದ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿರುತ್ತೇನೆ.

ಅಮ್ಮ


ಫೆಬ್ರವರಿ ೧೪

ಅಮ್ಮ,

ಟೋಪಿ ಬಂತು. ಸಿಸ್ಟರ್ ಒಳಗಿನ ಹೊಲಿಗೆಯನ್ನು ಮಗುಚಿ ನೋಡಿ, "ಗಂಟು ಒಂದೂ ಒಳಗಡೆ ಚುಚ್ಚಲ್ಲ. ನಿಮ್ಮ ಟೀಚರಿಗೆ ಇದಾದ್ರೂ ಬರುತ್ತೆ" ಎಂದರು. ಅವರ ಮಟ್ಟಿಗೆ ಅದು ಪದಕ.

ಕಳೆದ ಶುಕ್ರವಾರ ಆಸ್ಪತ್ರೆಯ ಲಿಫ್ಟು ಎರಡನೆಯ ಮಹಡಿಯಲ್ಲಿ ಸಿಕ್ಕಿಕೊಂಡಿತು. ಒಳಗಿದ್ದವರು ನಮ್ಮ ದೊಡ್ಡ ಸಿಸ್ಟರ್. ಇವರು ಮೇಲಿನ ಕೋಣೆಗೆ ಓಡಿ ಸರಿಮಾಡಿ ಇಳಿಸಿದರು. ಸಿಸ್ಟರ್ ಹೊರಬಂದು ಸೀರೆ ಕೊಡವಿಕೊಂಡು ಹೇಳಿದ್ದು ಇಷ್ಟೇ: "ನಿಮ್ಮ ಗುಂಡಿಗಳು ಇಲ್ಲಿರೋದು. ಒಳಗಿರೋದು ನಮ್ಮವು."

ಹಾಲು ಈಗ ಒಂದು ಚಮಚ ಬರುತ್ತಿದೆ. ಮೂಗಿನ ಕೊಳವೆಯ ಸಮೇತ ಸಾಸಿವೆಯನ್ನು ನನ್ನ ಎದೆಯ ಮೇಲೆ ಮಲಗಿಸುತ್ತಾರೆ. ಅವಳ ಕಿವಿ ನನ್ನ ಕತ್ತಿಗೆ ತಾಗಿದರೆ ಒಣ ಎಲೆಯಷ್ಟು ಹಗುರ. ಇಲ್ಲಿ ಚಳಿ ಕಡಿಮೆಯಾಗಿದೆ. ಬೆಂಚಿಗೆ ಹೊಸ ಬಣ್ಣ ಬಳಿದಿದ್ದಾರೆ.

ನಿನ್ನ ಸಭೆಗಳೆಲ್ಲ ಸಾವಕಾಶವಾಗಿ ಮುಗಿಯಲಿ. ನಾವೇನೂ ಕಾಯುತ್ತ ಕೂತಿಲ್ಲ.

ನಿನ್ನ ಮಗಳು


ಫೆಬ್ರವರಿ ೧೯

ಮಗಳಿಗೆ,

ಉತ್ತರಪತ್ರಿಕೆ ತಿದ್ದಿ ತಿದ್ದಿ ನನ್ನ ಜೀವಮಾನ ಸವೆದಿದೆ. ಮೊದಲನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರೇ ಎರಡನೆಯದನ್ನು ದುಂಡು ಅಕ್ಷರದಲ್ಲಿ ಪುಟಗಟ್ಟಲೆ ಬರೆಯುವುದು. ಬೆಂಚಿನ ಬಣ್ಣದವರೆಗೆ ಬಂದಿದ್ದೀಯೆ, ಕಣ್ಣಿನ ಸುದ್ದಿಯಿಲ್ಲ.

ಶನಿವಾರ ಏನಾಯಿತು?

ಅಮ್ಮ


ಫೆಬ್ರವರಿ ೨೪

ಅಮ್ಮ,

ಸಿಕ್ಕಿಬಿದ್ದೆ. ಪರೀಕ್ಷೆ ಆಯಿತು. ಎರಡೂ ಕಣ್ಣುಗಳಲ್ಲಿ ರಕ್ತನಾಳಗಳು ಅಂಚಿಗೆ ತಲುಪುವ ಮೊದಲೇ ನಿಂತು, ಒಂದು ಗೆರೆ ಕಟ್ಟಿಕೊಂಡಿದೆ. "ಬಹಳ ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತೆ" ಎಂದರು ಕಣ್ಣಿನ ಡಾಕ್ಟರು. "ಹೋಗದಿದ್ರೆ ಲೇಸರ್ ಮಾಡಬೇಕಾಗುತ್ತೆ. ಬಿಡದೆ ನೋಡ್ತಾ ಇರೋಣ." ಮೊನ್ನೆ ಮತ್ತೆ ನೋಡಿದರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮಾರ್ಚಿನಲ್ಲಿ ನೋಡಿ ತೀರ್ಮಾನಿಸುತ್ತಾರೆ.

ಲಿಫ್ಟಿನ ಕಥೆ ಪರೀಕ್ಷೆಯ ಹಿಂದಿನ ದಿನದ್ದು. ಪರೀಕ್ಷೆಯ ಫಲಿತಾಂಶ ತಿಳಿದ ಮೇಲೆ ಇವರು ಯಾವ ಗುಂಡಿಯನ್ನೂ ಮುಟ್ಟಿಲ್ಲ. ವಾರ್ಡಿಗೆ ಮೆಟ್ಟಿಲು ಹತ್ತಿಯೇ ಬರುತ್ತಾರೆ. "ನೀವು ಗುಂಡಿ ತಿರುಗಿಸಿದ ಆ ನಾಲ್ಕು ನಿಮಿಷದಿಂದ ಇದು ಬಂದಿಲ್ಲ. ಬೇಗ ಹುಟ್ಟಿದ್ದೇ ದೊಡ್ಡ ಕಾರಣ" ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. "ಸಮಾಧಾನಕ್ಕೆ ಹೇಳ್ತಾರೆ ಬಿಡು" ಎನ್ನುತ್ತಾರೆ ಇವರು. ನಿನಗೆ ಬರೆದರೆ ನೀನು ಇವರನ್ನು ಬೈಯುತ್ತೀಯೆಂದು ಹೆದರಿ ಬೆಂಚಿನ ಬಣ್ಣ ಬರೆದೆ.

ಇನ್ನು ನಿನ್ನ ಸರದಿ. ಒಂದು ಸೀಸೆ ಮಸಿ ತರಲು ಒಂದು ತಿಂಗಳು ಬೇಕೇ? ಗೆರೆಯಿಲ್ಲದ ಹಾಳೆಯ ಮೇಲೂ ನೂಲು ಹಿಡಿದಂತೆ ಬರೆಯುವವಳು ನೀನು. ಸಾಲು ಓರೆಯಾದರೆ ನನ್ನಿಂದ ಇಡೀ ಪುಟ ಮತ್ತೆ ಬರೆಸುತ್ತಿದ್ದೆ. ಜನವರಿಯಿಂದ ನಿನ್ನ ಸಾಲುಗಳು ಬಲಕ್ಕೆ ಹೋದಂತೆ ಗುಡ್ಡ ಹತ್ತುತ್ತಿವೆ. ಮಲಗಿ ಬರೆದರೆ ಮಸಿಪೆನ್ನು ಓಡುವುದಿಲ್ಲ, ಸಾಲು ಏರುತ್ತದೆ. ಹೆರಿಗೆಯಾದ ವಾರ ಹಾಗೆ ಬರೆದು ನೋಡಿದ್ದೇನೆ, ಅದಕ್ಕೇ ಗೊತ್ತು. ನಿನಗೆ ಸಭೆಯೇ ಹೆಚ್ಚಾಯಿತೆಂದು ಇಷ್ಟು ದಿನ ಒಳಗೊಳಗೇ ಜಗಳವಾಡಿದೆ.

ಉಣ್ಣೆಯ ಚೀಲ ಅಟ್ಟದ ಮೇಲಿತ್ತು. ಯಾವ ಕಾಲು?

ನಿನ್ನ ಮಗಳು


ಮಾರ್ಚ್ ೧

ಮಗಳಿಗೆ ಆಶೀರ್ವಾದಗಳು.

ಬಲಗಾಲು. ಪಾದದ ಕೀಲಿನ ಬಳಿ ಮೂಳೆ ಬಿರಿದಿದೆ. ಸ್ಟೂಲು ಜಾರಿತು, ಚೀಲವನ್ನು ಮಾತ್ರ ನಾನು ಬಿಡಲಿಲ್ಲ. ನೆಲದ ಮೇಲೆ ಉಣ್ಣೆಯ ಉಂಡೆಗಳ ನಡುವೆ ಕುಳಿತಿದ್ದ ನನ್ನನ್ನು ಕಂಡು ಪಕ್ಕದ ಮನೆಯಾಕೆ, "ಟೀಚರ್, ಆಟ ಆಡ್ತಿದ್ದೀರಾ?" ಎಂದಳು. ನಿನಗೆ ತಿಳಿದರೆ ಗಾಬರಿಯಾದೀಯೆ, ಹನಿಯೂ ನಿಂತೀತು ಎಂದು ಮುಚ್ಚಿಟ್ಟೆ. ಸಮಿತಿಯ ವಿಷಯ ಸುಳ್ಳಲ್ಲ. ಸಭೆಗಳು ನನ್ನ ಮಂಚದ ಸುತ್ತ ನಡೆಯುತ್ತಿವೆ. ಸದಸ್ಯರು ಎದ್ದು ಹೋಗಲು ಹೆದರುವುದರಿಂದ ಎಲ್ಲ ನಿರ್ಣಯಗಳೂ ಅವಿರೋಧ.

ಮುಂದಿನದನ್ನು ಅಳಿಯಂದಿರಿಗೆ ಗಟ್ಟಿಯಾಗಿ ಓದಿ ಹೇಳು.

ನೀವು ಮಾಡಿದ್ದು ನಾನು ಹೇಳಿದ್ದನ್ನು. ವಿದ್ಯಾರ್ಥಿ ಕೇಳಿ ಬರೆದ ಉತ್ತರ ತಪ್ಪಾದರೆ ಅಂಕ ಕಳೆಯಬೇಕಾದುದು ಹೇಳಿಕೊಟ್ಟವಳಲ್ಲಿ. ಡಾಕ್ಟರು ಓದಿದವರು, ಆ ನಾಲ್ಕು ನಿಮಿಷದಿಂದ ಆಗಿಲ್ಲವೆಂದರೆ ಆಗಿಲ್ಲ. ನನ್ನ ಮಾತನ್ನು ಅಷ್ಟು ಸುಲಭವಾಗಿ ನಂಬಿದಿರಿ, ಅವರ ಮಾತನ್ನೂ ನಂಬಿ. ನಾಳೆಯಿಂದ ಲಿಫ್ಟಿನಲ್ಲಿಯೇ ಹೋಗತಕ್ಕದ್ದು. ಮಗುವನ್ನು ಎತ್ತಿಕೊಳ್ಳಲು ಬಂದವರು ಏದುಸಿರು ಬಿಡುತ್ತ ಬಂದರೆ ಅವಳು ನಿಮ್ಮನ್ನು ನೋಡಿ ಏನು ಕಲಿತಾಳು?

ಮಗಳೇ, ಗೆರೆ ಕಟ್ಟಿದ ಜಾಗದಲ್ಲಿ ನಾಳಗಳು ಯೋಚಿಸುತ್ತ ನಿಂತಿವೆಯೆಂದು ತಿಳಿದುಕೋ. ನಮ್ಮ ಮನೆಯವರು ಯಾರೂ ಮೊದಲ ಸಲಕ್ಕೆ ಹೇಳಿದ ಮಾತು ಕೇಳಿದವರಲ್ಲ. ನಾನೇನೋ ಹೀಗೆ ಬರೆಯುತ್ತೇನೆ, ಆದರೆ ಅಂಚೆಯವನ ಸೈಕಲ್ಲು ಗೇಟಿನ ಬಳಿ ನಿಂತರೆ ಎದೆ ನಿಲ್ಲುತ್ತದೆ. ಬೇಗ ತಿಳಿಸು.

ಅಮ್ಮ


ಮಾರ್ಚ್ ೧೨

ಅಮ್ಮ,

ಮೊದಲನೆಯ ಪ್ರಶ್ನೆಗೇ ಮೊದಲ ಉತ್ತರ: ಗೆರೆ ಕರಗುತ್ತಿದೆ. ಎರಡೂ ಕಣ್ಣುಗಳಲ್ಲಿ ನಾಳಗಳು ಅದನ್ನು ದಾಟಿ ಅಂಚಿನ ಕಡೆಗೆ ನೆಟ್ಟಗೆ ಹೊರಟಿವೆ. ಲೇಸರ್ ಬೇಡ. ಇನ್ನೂ ಕೆಲವು ಸಲ ತೋರಿಸಬೇಕು, ಆದರೆ ಭಯಪಡುವ ಹಂತ ದಾಟಿದೆ ಎಂದರು. ಇವರು ಕಾರಿಡಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ದೊಡ್ಡ ಸಿಸ್ಟರ್ ಹಾದುಹೋಗುತ್ತ, "ಪರವಾಗಿಲ್ಲ, ನೀವು ಸರಿಯಾಗಿ ಹೊರಗಡೆನೇ ಅಳ್ತಿದ್ದೀರಿ" ಎಂದರು.

ಇನ್ನೂ ಇದೆ. ಕೆಲವು ದಿನಗಳಿಂದ ಸಿಸ್ಟರ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದರು. ಮೊನ್ನೆ ಅದು ಇನ್ನು ತಿರುಗುವುದೇ ಇಲ್ಲ ಎನ್ನುವಲ್ಲಿಗೆ ಬಂದು ನಿಂತಿತು. ನೋಡಿದರೆ ಇಪ್ಪತ್ತೊಂದು. ಇಷ್ಟೇನಾ, ಸಾಲದಲ್ಲ ಎಂದು ನನ್ನ ಬಾಯಿಗೆ ಬಂತು. "ಇದಕ್ಕಿಂತ ಕೆಳಗೆ ಇಲ್ಲ. ನೀವು ನಾವು ಉಸಿರಾಡೋ ಗಾಳಿಲಿ ಇರೋದೇ ಇಷ್ಟು. ಇನ್ಮೇಲೆ ಅವಳಿಗೂ ಎಲ್ಲರ ಗಾಳಿನೇ" ಎಂದು ಮೂಗಿನ ಕೊಳವೆ ತೆಗೆದರು. ಅವಳ ಪೂರ್ತಿ ಮೂಗನ್ನು ನಾನು ನೋಡಿದ್ದು ಆಗಲೇ. ಅದೂ ನಿನ್ನದೇ.

ಪರದೆಯ ಅಂಕಿ ತೊಂಬತ್ತೇಳಾಯಿತು, ತೊಂಬತ್ತೊಂಬತ್ತಾಯಿತು. ನಾನು ಗಾಬರಿಯಾಗಿ ಸಿಸ್ಟರ್ ಮುಖ ನೋಡಿದೆ. ಅವರು ಕೈಕಟ್ಟಿ ನಿಂತಿದ್ದರು. "ಇದು ಸ್ವಂತ ಬರೆದದ್ದು. ಎಷ್ಟು ಬೇಕಾದ್ರೂ ತೆಗೀಲಿ."

ಈ ತಿಂಗಳ ಕೊನೆಗೆ ಮನೆಗೆ ಕಳಿಸುತ್ತಾರಂತೆ. ಕಿತ್ತಳೆಯ ಟೋಪಿ ಈಗ ಬಿಗಿ. ಕೆಳಗಿನ ಎರಡು ಸಾಲು ಇವರದು, ತಿದ್ದಬೇಡ.

ನಿನ್ನ ಮಗಳು

ಅತ್ತೆಗೆ ನಮಸ್ಕಾರ. ಇವತ್ತು ಲಿಫ್ಟಲ್ಲೇ ಹೋದೆ. ನೀವು ಬರೋ ದಿನ ಸ್ಟೇಷನ್ನಿಗೆ ನಾನೇ ಬರ್ತೀನಿ, ಲೇಟ್ ಮಾಡಲ್ಲ.


ಮಾರ್ಚ್ ೧೭

ಮಗಳಿಗೂ ಅಳಿಯಂದಿರಿಗೂ ಆಶೀರ್ವಾದಗಳು.

ಇದನ್ನು ಕುರ್ಚಿಯಲ್ಲಿ ಕುಳಿತು, ಮಸಿಯಲ್ಲಿ ಬರೆಯುತ್ತಿದ್ದೇನೆ; ಸಾಲುಗಳನ್ನು ನೋಡಿಕೊಳ್ಳಬಹುದು. ಕಟ್ಟು ಬಿಚ್ಚಿದ್ದಾರೆ. ಕೋಲೂರಿ ನಡೆಯುತ್ತೇನೆ. ಸಮಿತಿಗೆ ರಾಜೀನಾಮೆ ಕೊಟ್ಟೆ. ಅದೂ ಅವಿರೋಧವಾಗಿ ಅಂಗೀಕಾರವಾಯಿತು, ಸ್ವಲ್ಪ ಬೇಗನೆಯೇ. ಬರುವ ಸೋಮವಾರ ಬೆಳಗಿನ ರೈಲಿಗೆ ಬರುತ್ತೇನೆ. ಪಕ್ಕದ ಮನೆಯಾಕೆ ಜೊತೆಗಿರುತ್ತಾಳೆ. ದೊಡ್ಡ ಸಿಸ್ಟರ್ ಅವರ ಪಾಠಕ್ಕೂ ಅಂದೇ ಹಾಜರಾಗುವೆನೆಂದು ತಿಳಿಸು. ಮೊಣಕೈವರೆಗೆ ತೊಳೆದುಕೊಂಡೇ ಬರುತ್ತೇನೆ. ಹೊಸ ಟೋಪಿಯನ್ನು ತೆಂಗಿನಕಾಯಿಗೆ ತೊಡಿಸಿ ನೋಡಿದ್ದೇನೆ.

ಅಳಿಯಂದಿರ ಎರಡು ಸಾಲನ್ನು ತಿದ್ದಿಲ್ಲ. ಮೊದಲ ಪದ ಸರಿಯಾಗಿತ್ತು, ಅಷ್ಟು ಸಾಕು.

ನನ್ನ ಸೇವೆಯ ಉದ್ದಕ್ಕೂ ಮೂವತ್ತೈದಕ್ಕಿಂತ ಕೆಳಗಿನವರನ್ನು ತೇರ್ಗಡೆ ಮಾಡಿದವಳಲ್ಲ ನಾನು. ಒಂದೇ ಒಂದು ಅಂಕ ಕಡಿಮೆಯಿದ್ದವರನ್ನೂ ಮಾಡಲಿಲ್ಲ. ಅವರು ಈಗ ನನ್ನ ಅಳಿಯ. ಈ ಸಲ ಮಾತ್ರ ನಿಯಮವನ್ನು ಸಡಿಲಿಸಿದ್ದೇನೆ. ಬೀರುವಿನಲ್ಲಿ ಉಳಿದಿದ್ದ ಹಳೆಯ ಪ್ರಗತಿಪತ್ರವೊಂದನ್ನು ಕೆಂಪು ಮಸಿಯಲ್ಲಿ ತುಂಬಿ ಇದರೊಂದಿಗೆ ಇಟ್ಟಿದ್ದೇನೆ. ಗಾಜಿನ ಪೆಟ್ಟಿಗೆ ಖಾಲಿಯಾಗುವ ದಿನ ಅದನ್ನು ಅವಳ ಕಾಲಬಳಿ ಇಟ್ಟು, ಗಟ್ಟಿಯಾಗಿ ಓದಿ:

ವಿದ್ಯಾರ್ಥಿನಿ: ಸಾಸಿವೆ.
ವಿಷಯ: ಉಸಿರಾಟ.
ಪಡೆದ ಅಂಕ: ನೂರಕ್ಕೆ ಇಪ್ಪತ್ತೊಂದು.
ಫಲಿತಾಂಶ: ಉತ್ತೀರ್ಣ. ಮನೆಗೆ ಕಳಿಸಬಹುದು.